ನಕ್ಷೆಪ್ಪನ ಎಪ್ಪತ್ತರ ಮೂಳೆ

ನಕ್ಷೆಪ್ಪನ ಮೈಯಲ್ಲಿ ಮೂಳೆಗಳಿವೆ ಎಂಬ ಸಂಗತಿ ಆ ಸೋಮವಾರದವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಸ್ವತಃ ನಕ್ಷೆಪ್ಪನೂ ಅವುಗಳನ್ನು ವಿಚಾರಿಸಿಕೊಂಡವನಲ್ಲ.

ಅವನು ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದ. ಊರಿನ ರಸ್ತೆಗಳ ಅಡಿಯಲ್ಲಿ ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ತಿರುಗಿದೆ, ಯಾವ ಪುಣ್ಯಾತ್ಮ ಅದರ ಮೇಲೆ ಮನೆ ಕಟ್ಟಿಕೊಂಡಿದ್ದಾನೆ ಎಂಬುದನ್ನೆಲ್ಲ ತೋರಿಸುವ ನಕ್ಷೆಗಳು ಅಲ್ಲಿ ಉದ್ದುದ್ದ ತಗಡಿನ ಡಬ್ಬಿಗಳೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದವು. ಅವುಗಳ ಕಾವಲುಗಾರನಾದ್ದರಿಂದ ಅವನಿಗೆ ನಕ್ಷೆಪ್ಪ ಎಂಬ ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದನ್ನು ಕೂಗಿದರೆ ಅವನು ತಿರುಗಿ ನೋಡುತ್ತಿದ್ದನೋ ಇಲ್ಲವೋ ಹೇಳುವಂತಿಲ್ಲ, ಕೂಗಿ ನೋಡಿದವರಿಲ್ಲ. ವಯಸ್ಸು ಇಪ್ಪತ್ತೊಂಬತ್ತು. ಕಿಟಕಿಯಿಲ್ಲದ ಕೋಣೆ, ಸದಾ ಗುಂಯ್ ಎನ್ನುವ ಒಂದು ಟ್ಯೂಬ್‌ಲೈಟು. ಎಲ್ಲಾದರೂ ಕೊಳವೆ ಒಡೆದರೆ ಮಾತ್ರ ಮೇಲಿನವರು ದಡದಡ ಇಳಿದು ಬರುತ್ತಿದ್ದರು. ಒಡೆಯದ ದಿನಗಳಲ್ಲಿ ಮಾತಾಡಿಸಲು ಟ್ಯೂಬ್‌ಲೈಟೇ ಗತಿ. ಊರಿನ ಹಿತ ಬಯಸುವುದು ನೌಕರನ ಕರ್ತವ್ಯ, ನಿಜ. ಆದರೂ ವಾರಕ್ಕೊಂದಾದರೂ ಕೊಳವೆ ಒಡೆಯಲಪ್ಪಾ ಎಂದು ಅವನು ಒಳಗೊಳಗೇ ಹಾರೈಸುತ್ತಿದ್ದ. ದುರದೃಷ್ಟವಶಾತ್ ಊರಿನ ಕೊಳವೆಗಳು ಗಟ್ಟಿಯಾಗಿದ್ದವು.

ಹೀಗಿರುವಾಗ ಅವನು ಒಂದು ಜೊತೆ ಬೂಟು ಕೊಂಡ. ಅಂಗಡಿಯವನು ಅವನ ಪಾದವನ್ನು ಅಂಗೈಯಲ್ಲಿ ಹಿಡಿದು, "ಇದು ಗುಮಾಸ್ತರ ಕಾಲಲ್ಲ ಸಾರ್, ಅಧಿಕಾರಿಗಳ ಕಾಲು. ನಿಮಗೆ ದೊಡ್ಡ ಸೈಜೇ ಆಗ್ಬೇಕು" ಎಂದುಬಿಟ್ಟ. ನಕ್ಷೆಪ್ಪನ ಪಾದವನ್ನು ಅಷ್ಟು ಆದರದಿಂದ ಯಾರೂ ಹಿಡಿದದ್ದಿಲ್ಲ. ಅವನು ದೊಡ್ಡ ಸೈಜನ್ನೇ ಕೊಂಡ. ಅಧಿಕಾರಿಯ ಕಾಲಿಗೂ ತನ್ನ ಕಾಲಿಗೂ ನಡುವೆ ಉಳಿದ ಜಾಗವನ್ನು ಮೂರು ಜೊತೆ ಸಾಕ್ಸು ಹಾಕಿ ತುಂಬಿಸಿಕೊಂಡ.

ಮಿಕ್ಕ ಅನಾಹುತವೆಲ್ಲ ಈ ಸಾಕ್ಸುಗಳದ್ದು.

ಕಚೇರಿಯ ಸಾಹೇಬರಿಗೆ ವರ್ಷಕ್ಕೊಮ್ಮೆ ನೌಕರರ ಆರೋಗ್ಯದ ಮೇಲೆ ಕಾಳಜಿ ಉಕ್ಕುತ್ತಿತ್ತು. ಹೋದ ವರ್ಷ ಕಣ್ಣಿನ ಮೇಲೆ ಉಕ್ಕಿತ್ತು. ಈ ವರ್ಷ ಮೂಳೆಯ ಮೇಲೆ. ಮೊದಲ ಮಹಡಿಯ ಹಜಾರದಲ್ಲಿ ಬಟ್ಟೆಯ ಫಲಕ ಕಟ್ಟಿ, ಮೂವತ್ತೈದರೊಳಗಿನವರೆಲ್ಲ ಕಡ್ಡಾಯವಾಗಿ ಬಂದು ಮೂಳೆ ತೋರಿಸಬೇಕೆಂದು ಆಜ್ಞೆಯಾಯಿತು. ಶಿಬಿರದ ಡಾಕ್ಟರು ಮೈಕು ಹಿಡಿದು, "ಮೂಳೆ ಅನ್ನೋದು ಮುದುಕರ ಸಮಸ್ಯೆ ಅಂದ್ಕೊಂಡಿದೀರಾ? ಮೂವತ್ತರ ಆಸುಪಾಸಿನವರೆಗೆ ಮೂಳೆ ಕಟ್ಕೊಳ್ಳುತ್ತೆ. ಆಮೇಲೆ ಕಟ್ಟಿದ್ದರಲ್ಲೇ ಸಂಸಾರ ಮಾಡ್ಬೇಕು!" ಎಂದು ಗುಡುಗಿದರು. ಯುವ ನೌಕರರು ಕೈಯಲ್ಲಿದ್ದ ತಂಪು ಪಾನೀಯದ ಬಾಟಲಿಗಳನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು.

ಹಿಮ್ಮಡಿ ಇಟ್ಟರೆ ಮೂಳೆಯ ಗಟ್ಟಿತನ ಹೇಳುವ ಒಂದು ಬಿಳಿಯ ಯಂತ್ರ. ನಕ್ಷೆಪ್ಪನ ಸರದಿ ಬಂತು. ಅವನು ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿದ. ಒಂದು ಸಾಕ್ಸು ತೆಗೆದ. ಇನ್ನೊಂದು ತೆಗೆದ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ, "ಏನ್ ನಕ್ಷೆಪ್ಪಾ, ಕಾಲಾ ಈರುಳ್ಳಿನಾ? ಇನ್ನೂ ಎಷ್ಟು ಸಿಪ್ಪೆ ಇದೆ?" ಎಂದ. ಇಡೀ ಹಜಾರ ಗೊಳ್ಳೆಂದಿತು. ಮೂರನೆಯ ಸಾಕ್ಸಿಗೆ ಹೋಗಿದ್ದ ಕೈ ಅಲ್ಲೇ ನಿಂತುಹೋಯಿತು. ಅದು ತೆಳುವಾಗಿತ್ತು, ಬಣ್ಣವೂ ಅವನ ಮೈಬಣ್ಣವೇ. ಇಷ್ಟು ಜನರೆದುರು ಇನ್ನೊಂದು ಸಿಪ್ಪೆ ಸುಲಿಯುವುದಕ್ಕಿಂತ ಹೀಗೇ ಕಾಲಿಡುವುದು ಲೇಸೆಂದು ಅವನು ಇಟ್ಟ. ಯಂತ್ರದ ಹಿಂದಿದ್ದಾಕೆ ತಲೆಯೆತ್ತದೆ ಅದರ ಮೇಲೇ ಜೆಲ್ಲು ಬಳಿದು ಗುಂಡಿ ಒತ್ತಿದಳು.

ಯಂತ್ರ ಸ್ವಲ್ಪ ಹೊತ್ತು ನರಳಿತು. ಆಮೇಲೆ ಕೆಂಪಾಯಿತು.

"ವಯಸ್ಸೆಷ್ಟು?" ಎಂದು ಕೇಳಿದರು ಡಾಕ್ಟರು.

"ಇಪ್ಪತ್ತೊಂಬತ್ತು."

"ನಿಜವಾದ ವಯಸ್ಸು ಹೇಳ್ರಿ."

"ಅದೇ ಸಾರ್."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಎಪ್ಪತ್ತರ ಮೂಳೆ ಕಣ್ರೀ" ಎಂದರು. ಮೈಕು ಆರಿಸಲು ಮರೆತಿದ್ದರಿಂದ ಈ ಮಾತು ಮೂರೂ ಮಹಡಿಗಳಿಗೆ ಕೇಳಿಸಿತು. "ದೊಡ್ಡಾಸ್ಪತ್ರೆಯ ಯಂತ್ರದಲ್ಲಿ ಸರಿಯಾಗಿ ನೋಡ್ಬೇಕು. ಅಲ್ಲಿ ಸರದಿ ಬರೋಕೆ ಒಂದು ತಿಂಗಳಾದ್ರೂ ಆಗುತ್ತೆ. ಅಲ್ಲೀವರೆಗೂ ಜೋಪಾನ. ಬೀಳ್ಬೇಡಿ."

ನಕ್ಷೆಪ್ಪ ಬಾಯಿ ತೆರೆದ. ಸಾಕ್ಸಿನ ವಿಚಾರ ಹೇಳಿಬಿಡುವುದೆಂದೇ ತೆರೆದ. ಅಷ್ಟರಲ್ಲಿ ಲೆಕ್ಕದ ವಿಭಾಗದ ಮೇಡಂ ಓಡಿಬಂದು ಅವನ ಮೊಣಕೈ ಹಿಡಿದುಕೊಂಡರು. "ಅಯ್ಯೋ, ಏಳ್ಬೇಡಿ, ಏಳ್ಬೇಡಿ. ಎಷ್ಟು ಸಣ್ಣಗಾಗಿದೀರಿ, ನಾವ್ಯಾರೂ ನೋಡೇ ಇಲ್ಲ. ಊಟ ಆಯ್ತಾ ನಿಮ್ದು?"

ಈ ಕಟ್ಟಡದಲ್ಲಿ ನಕ್ಷೆಪ್ಪನ ಮೊಣಕೈಯನ್ನು ಯಾರೂ ಹಿಡಿದಿರಲಿಲ್ಲ. ಊಟದ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ. ಅವನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ. ಆಮೇಲೆ ತೆರೆದದ್ದು, "ಇನ್ನೂ ಇಲ್ಲ ಮೇಡಂ" ಎನ್ನಲಿಕ್ಕೆ.

ಮಾರನೆಯ ದಿನದಿಂದ ನಕ್ಷೆಪ್ಪ ನೆಲಮಾಳಿಗೆಗೆ ಇಳಿಯಕೂಡದೆಂದಾಯಿತು. ಮೆಟ್ಟಿಲು ಅಪಾಯಕಾರಿ. ಲೆಕ್ಕದ ವಿಭಾಗದಲ್ಲಿ, ಕಿಟಕಿಯ ಪಕ್ಕ, ಬಿಸಿಲು ಬೀಳುವಲ್ಲಿ ಅವನಿಗೊಂದು ಕುರ್ಚಿ ಹಾಕಿ, ಕುರ್ಚಿಗೆ ದಿಂಬು ಹಾಕಿ, ದಿಂಬಿನ ಮೇಲೆ ಅವನನ್ನು ಗಾಜಿನ ಲೋಟದಂತೆ ಇಟ್ಟರು. ನೆಲಮಾಳಿಗೆಯ ಬೀಗದ ಕೈ ಕ್ಯಾಂಟೀನಿನ ಮೊಳೆಯ ಮೇಲೆ ನೇತುಬಿತ್ತು. ನಕ್ಷೆಪ್ಪನಿಗೆ ಕೆಲಸವೇನೂ ಇರಲಿಲ್ಲ. ಪೆನ್ನು ಬಿದ್ದರೆ ಇಬ್ಬರು ಬಗ್ಗುತ್ತಿದ್ದರು. ಅವನು ಸೀನಿದರೆ ಟೈಪಿಂಗ್ ನಿಲ್ಲುತ್ತಿತ್ತು. ಎಲ್ಲವೂ ಸ್ವಸ್ಥಾನದಲ್ಲಿದೆ ಎಂದು ಅವನು ತಲೆಯಾಡಿಸಿದ ಮೇಲೆ ಮುಂದುವರಿಯುತ್ತಿತ್ತು. ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಡಬ್ಬಿ ಹಿಡಿದು ಅವನ ಸುತ್ತ ಕೂರುತ್ತಿದ್ದರು.

"ನನ್ನ ಮೊಣಕಾಲೂ ಟಕ್ ಅನ್ನುತ್ತೆ ಕಣ್ರೀ. ಕೇಳಿ."

"ನಿಮ್ದು ಟಕ್. ನಂದು ಟಕಟಕ. ನಕ್ಷೆಪ್ಪ, ನಿಮ್ದು ಹೇಗನ್ನುತ್ತೆ?"

"ನಂದು ಏನೂ ಅನ್ನಲ್ಲ" ಎನ್ನುತ್ತಿದ್ದ ನಕ್ಷೆಪ್ಪ.

"ಅದೇ ನೋಡಿ! ಸದ್ದಿಲ್ಲದ ಕಾಯಿಲೆ ಅಂತ ಡಾಕ್ಟರು ಹೇಳಿಲ್ವಾ?" ಎಂದು ಮೇಡಂ ತಮ್ಮ ಡಬ್ಬಿಯ ಮೊಟ್ಟೆಯನ್ನು ಅವನ ತಟ್ಟೆಗೆ ಹಾಕುತ್ತಿದ್ದರು.

ಇಪ್ಪತ್ತೊಂಬತ್ತಕ್ಕೇ ಹೀಗಾದರೆ ನಮ್ಮ ಗತಿಯೇನು ಎಂಬ ಭಯ ಕಚೇರಿಯನ್ನೆಲ್ಲ ಹಿಡಿಯಿತು. ಎಲ್ಲರೂ ಹಾಲಿಗೆ ಬಿದ್ದರು. ಕ್ಯಾಂಟೀನಿನವನು ಚಹಾ ಕೇಳುವವರಿಲ್ಲದೆ ಕಂಗಾಲಾಗಿ ಒಂದು ದಿನ ನಕ್ಷೆಪ್ಪನ ಮುಂದೆ ಬಂದು ನಿಂತ. "ಸಾರ್, ನಿಮ್ಮ ಮೂಳೆ ಯಾವಾಗ ಮುರಿಯುತ್ತೋ ಗೊತ್ತಿಲ್ಲ. ನನ್ನ ಬೆನ್ನು ಈಗಾಗ್ಲೇ ಮುರಿದಿದೆ. ಒಂದೇ ಒಂದು ಲೋಟ ಚಹಾ ಎಲ್ಲರ ಮುಂದೆ ಕುಡಿದುಬಿಡಿ ಸಾರ್." ಮೇಡಂ ಅವನನ್ನು ಗದರಿಸಿ ಅಟ್ಟಿದರು.

ಮನೆಯ ಕಡೆಯೂ ಇದೇ ಕಥೆ. ನಕ್ಷೆಪ್ಪ ಮೇಲಿನ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ. ಕೆಳಗೆ ಓನರಮ್ಮ. ಅವರಿಗೂ ಅವನಿಗೂ ಇದ್ದ ಸಂಬಂಧವೆಂದರೆ ನೀರಿನ ಮೋಟರಿನ ಸ್ವಿಚ್ಚು. ಅವನ ಮೂಳೆಯ ಸುದ್ದಿ ಕೇಳಿದ್ದೇ ಅವರು ಬಡಗಿಯನ್ನು ಕರೆಸಿ ಮೆಟ್ಟಿಲಿಗೆ ಕಟಕಟೆ, ಬಚ್ಚಲಿಗೆ ಹಿಡಿಕೆ, ಹೊಸ್ತಿಲಿಗೆ ಇಳಿಜಾರು ಮಾಡಿಸಿದರು. ಬೆಳಿಗ್ಗೆ ಹಾಲು, ಸಂಜೆ ಎಳ್ಳು, ನಡುನಡುವೆ ಸೊಪ್ಪು. "ನನ್ನ ಮನೇಲಿ ಯಾರೂ ಮುರ್ಕೋಬಾರ್ದು. ಆಮೇಲೆ ಯಾರು ಬರ್ತಾರೆ ಬಾಡಿಗೆಗೆ?" ಎನ್ನುತ್ತಿದ್ದರಾದರೂ, ಅವನು ಲೋಟ ಖಾಲಿ ಮಾಡುವವರೆಗೂ ಎದುರಿಗೆ ಕೂತೇ ಇರುತ್ತಿದ್ದರು.

ಇದಕ್ಕೆ ವಿರೋಧ ಪಕ್ಷವೆಂದರೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಕೊರಳಿನ ಸೀಟಿ ಬಿಟ್ಟವರಲ್ಲ. ಅಂಗಳದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿಕೊಂಡು ಅದರ ಮೇಲೆ ದಿನಾ ಕುಣಿಯುತ್ತಿದ್ದರು.

"ಅಮ್ಮಾ, ಆ ಹುಡುಗನ್ನ ನನ್ನ ಕೈಗೆ ಕೊಡಿ. ಹಾರಿಸ್ತೀನಿ, ಕುಣಿಸ್ತೀನಿ, ಭಾರ ಹೊರಿಸ್ತೀನಿ. ಕೆಲಸ ಕೊಟ್ರೇನೇ ಮೂಳೆ ಗಟ್ಟಿಯಾಗೋದು!"

"ಹಾರಿಸ್ತೀರಾ? ಕೆಳಗೆ ಬಂದಾಗ ಚೂರು ಆರಿಸೋರು ಯಾರು?"

"ಕೂರಿಸಿದ್ರೆ ಕರಗ್ತಾನೆ!"

"ಹಾರಿಸಿದ್ರೆ ಒಡೀತಾನೆ!"

ಇಬ್ಬರೂ ನಕ್ಷೆಪ್ಪನನ್ನು ಒಂದೊಂದು ಕೈ ಹಿಡಿದು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದರು. ಎಪ್ಪತ್ತರ ಮೂಳೆಯಾಗಿದ್ದರೆ ಅಲ್ಲೇ ಕಳಚಿಕೊಳ್ಳಬೇಕಾಗಿತ್ತು. ನಡುವೆ ನಿಂತ ನಕ್ಷೆಪ್ಪನ ಮುಖದಲ್ಲಿ ಮಾತ್ರ ಯಾರೂ ಅಲ್ಲಿ ನೋಡದಿದ್ದ ಒಂದು ನಗು ಇತ್ತು.

ಓನರಮ್ಮನ ಕೈ ಇಷ್ಟಕ್ಕೇ ನಿಲ್ಲಲಿಲ್ಲ. ಅವರು ನಕ್ಷೆಪ್ಪನ ಅಕ್ಕನಿಗೆ ಫೋನು ಮಾಡಿದರು.

ಅಕ್ಕ ದೂರದ ಊರಿನಲ್ಲಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಉಳಿದವಳು ಅವಳೊಬ್ಬಳೇ. ಮದುವೆಯಾಗಿ, ಮಕ್ಕಳಾಗಿ, ಅತ್ತೆಯ ಕಾಲುನೋವು, ಭಾವನ ಅಂಗಡಿ, ಮಕ್ಕಳ ಪರೀಕ್ಷೆ ಎಂದು ವರ್ಷಗಳೇ ಕಳೆದಿದ್ದವು. ಫೋನಿನಲ್ಲಿ, "ಏನೋ, ಎಲ್ಲ ಸರಿಯಾ?" ಎನ್ನುತ್ತಿದ್ದಳು. ಇವನು, "ಎಲ್ಲ ಸರಿ" ಎನ್ನುತ್ತಿದ್ದ. ಎಲ್ಲ ಸರಿಯಿದ್ದರೆ ಮುಂದೆ ಮಾತೇನು? ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಸೂಟ್‌ಕೇಸು ಹಿಡಿದು ಬಂದವಳೇ ಕಟಕಟೆ ನೋಡಿ ಅತ್ತಳು. ಬಚ್ಚಲಿನ ಹಿಡಿಕೆ ನೋಡಿ ಇನ್ನಷ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೋಣೆಯನ್ನು ಒಮ್ಮೆ ನೋಡಿದಳು. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ.

"ಯಾರಾದ್ರೂ ಬಂದ್ರೆ ಯಾವುದ್ರಲ್ಲಿ ಕೊಡ್ತೀಯೋ?"

"ಯಾರೂ ಬರಲ್ವಲ್ಲ."

ಅವಳು ಆ ಸಂಜೆಯೇ ಹೋಗಿ ಇನ್ನೊಂದು ತಟ್ಟೆ, ಇನ್ನೊಂದು ಲೋಟ, ಒಂದು ಚಾಪೆ ತಂದಳು. ತಮ್ಮನ ಮೂಳೆ ದಾರಿಗೆ ಬರುವವರೆಗೂ ಕದಲುವುದಿಲ್ಲವೆಂದು ಭಾವನಿಗೆ ಫೋನಿನಲ್ಲೇ ಘೋಷಿಸಿದಳು. ಆಚೆ ಕಡೆಯಿಂದ ಭಾವನ ದನಿ ಚಾಪೆಯವರೆಗೂ ಕೇಳಿಸಿತು. "ನನ್ನ ಬಿಳಿ ಅಂಗಿ ಎಲ್ಲಿದೆ ಅದನ್ನಾದ್ರೂ ಹೇಳಿ ಸಾಯಿ!"

ದಿನಗಳು ಕಳೆದವು. ಅಕ್ಕ ಬೇಯಿಸುತ್ತಿದ್ದಳು, ಬೈಯುತ್ತಿದ್ದಳು, ನಕ್ಷೆಪ್ಪ ಚಿಕ್ಕವನಿದ್ದಾಗ ಕೊಡೆ ಹಿಡಿದು ಮಾಡಿನಿಂದ ಹಾರಿದ ಕಥೆಯನ್ನು ಓನರಮ್ಮನಿಗೆ ಹೇಳಿ ನಗುತ್ತಿದ್ದಳು. ಡ್ರಿಲ್ ಮೇಷ್ಟ್ರು ಗೋಡೆಯಾಚೆಯಿಂದಲೇ, "ನೋಡಿ, ಆಗ ಹಾರಿದ್ದಕ್ಕೇ ಇಷ್ಟಾದ್ರೂ ಉಳಿದಿದೆ!" ಎಂದು ತಮ್ಮ ವಾದಕ್ಕೆ ಅದನ್ನು ಸೇರಿಸಿಕೊಳ್ಳುತ್ತಿದ್ದರು. ಸಂಜೆ ಕಚೇರಿಯಿಂದ ಬಂದರೆ ಕೋಣೆಯ ದೀಪ ಹತ್ತಿರುತ್ತಿತ್ತು. ದೀಪವನ್ನು ತಾನೇ ಹಚ್ಚಿಕೊಳ್ಳಬೇಕಾಗಿಲ್ಲದ ಸಂಜೆಗಳಿಗೆ ನಕ್ಷೆಪ್ಪ ಬಲು ಬೇಗ ಒಗ್ಗಿಹೋದ. ದೊಡ್ಡಾಸ್ಪತ್ರೆಯ ಸರದಿ ಹತ್ತಿರವಾಗುತ್ತ ಬಂತು. ಅವನು ಅಲ್ಲಿಗೆ ಫೋನು ಮಾಡಿ, "ಅರ್ಜೆಂಟೇನಿಲ್ಲ. ನನಗಿಂತ ಕಷ್ಟದಲ್ಲಿರೋರನ್ನ ಮೊದಲು ನೋಡಿ" ಎಂದು ಇನ್ನೊಂದಷ್ಟು ದಿನ ಮುಂದಕ್ಕೆ ಹಾಕಿಸಿಕೊಂಡ. ಈ ಸುದ್ದಿ ತಿಳಿದು ಸಾಹೇಬರು ಸಭೆಯಲ್ಲಿ ಅವನ ತ್ಯಾಗಬುದ್ಧಿಯನ್ನು ಕೊಂಡಾಡಿದರು.

ಇಂಥ ಸುಖದ ನಡುವೆ, ಅವನು ಎಷ್ಟೋ ವರ್ಷ ಹಾರೈಸಿದ್ದ ಕೊಳವೆ ಒಡೆಯಿತು.

ಸಣ್ಣಪುಟ್ಟದ್ದಲ್ಲ, ಊರಿನ ಅರ್ಧಕ್ಕೆ ನೀರು ಒಯ್ಯುವ ದೊಡ್ಡ ಕೊಳವೆ. ಎಂಜಿನಿಯರು ಒದ್ದೆ ಪ್ಯಾಂಟಿನಲ್ಲೇ ಕಚೇರಿಗೆ ನುಗ್ಗಿ, "ಕಂಪ್ಯೂಟರಿನಲ್ಲಿ ವಾಲ್ವೇ ತೋರಿಸ್ತಿಲ್ಲ! ಹಳೇ ನಕ್ಷೆ ಎಲ್ಲಿ? ನಕ್ಷೆಪ್ಪ ಎಲ್ಲಿ?" ಎಂದು ಕೂಗಿದ. ನಕ್ಷೆಪ್ಪ ದಿಂಬಿನಿಂದ ಎದ್ದ. ನಾಲ್ಕು ಕೈಗಳು ಅವನನ್ನು ಮತ್ತೆ ದಿಂಬಿನ ಮೇಲೆ ಕೂರಿಸಿದವು.

"ಮೆಟ್ಟಿಲು ಇಳೀತಾರಂತೆ! ಜೀವದ ಮೇಲೆ ಆಸೆ ಇಲ್ವಾ?" ಎಂದರು ಮೇಡಂ. "ಎಲ್ಲಿದೆ ಅಂತ ಬಾಯಲ್ಲಿ ಹೇಳಿ, ಸಾಕು."

"ಎಡಗಡೆ, ಕೊನೇ ಅಲಮಾರು, ಕೆಳಗಿನ ಗೂಡು, ಮುಚ್ಚಳಕ್ಕೆ ಕೆಂಪು ಬಣ್ಣ."

ಇಬ್ಬರು ಓಡಿದರು. ಬೀಗದ ಕೈ ಹುಡುಕಲು ಸ್ವಲ್ಪ ಹೊತ್ತಾಯಿತು. ಮರಳಿ ಬಂದಾಗ ಅವರ ಕೈಯಲ್ಲಿ ಊರಿನ ಸ್ಮಶಾನದ ಚರಂಡಿಯ ನಕ್ಷೆಯಿತ್ತು. ಮತ್ತೆ ಓಡಿದರು. ಈ ಸಲ ತಗಡಿನ ಡಬ್ಬಿಯೇನೋ ಸರಿಯಾಗಿ ಕೆಂಪಾಗಿತ್ತು. ಆದರೆ ಅದು ಬೆಂಕಿ ಆರಿಸುವ ಸಾಧನವಾಗಿತ್ತು. ಎಂಜಿನಿಯರು ತಲೆಗೂದಲು ಕಿತ್ತುಕೊಂಡ. ಆಗ ನಕ್ಷೆಪ್ಪನ ಫೋನು ಹೊಡೆದುಕೊಂಡಿತು. ಅಕ್ಕ.

"ಲೋ, ಬೀದೀಲಿ ಹೊಳೆ ಹರೀತಿದೆ ಕಣೋ! ಓನರಮ್ಮನ ಮನೆ ತಗ್ಗಲ್ಲಿದೆಯಲ್ಲ, ಒಳಗೆ ಸೊಂಟದವರೆಗೆ ನೀರು. ಅವರು ಮೇಜಿನ ಮೇಲೆ ಹತ್ತಿ ಕೂತಿದಾರೆ. ಬಾಗಿಲು ತೆಗಿಯೋಕಾಗ್ತಿಲ್ಲ. ನಾನು ಕಿಟಕಿಯಿಂದ ಕೈ ಹಿಡ್ಕೊಂಡಿದೀನಿ. ಏನ್ಮಾಡ್ಲೋ?"

ನಕ್ಷೆಪ್ಪ ಎದ್ದ. ನಾಲ್ಕು ಕೈಗಳು ಮತ್ತೆ ಬಂದವು. ಅವನು ಅವುಗಳ ಅಡಿಯಿಂದ ತೂರಿ, ಕುರ್ಚಿಯನ್ನು ದಾಟಿ, ಮೆಟ್ಟಿಲುಗಳನ್ನು ಎರಡೆರಡಾಗಿ ಅಲ್ಲ, ಕಟಕಟೆಯ ಮೇಲೆ ಕೂತು ಜಾರಿ ಇಳಿದ. "ಮೂಳೆ! ಮೂಳೆ!" ಎಂದು ಲೆಕ್ಕದ ವಿಭಾಗವೆಲ್ಲ ಕಿರುಚಿತು. ಕತ್ತಲಲ್ಲೇ ಕೈಯಿಟ್ಟು ಡಬ್ಬಿ ಎಳೆದು, ಆಳುದ್ದದ ಆ ತಗಡನ್ನು ಹೆಗಲಿಗೇರಿಸಿ ಬೀದಿಗೆ ಬಿದ್ದ. ದೊಡ್ಡ ಸೈಜಿನ ಬೂಟುಗಳು ಮೊದಲ ತಿರುವಿನಲ್ಲೇ ಅಧಿಕಾರಿಗಳಂತೆ ಹಿಂದುಳಿದವು. ಅವನು ಸಾಕ್ಸಿನಲ್ಲಿ ಓಡಿದ. ಹಿಂದೆ ಎಂಜಿನಿಯರು, ಅವನ ಹಿಂದೆ ಮೇಡಂ, ಅವರ ಹಿಂದೆ ದಿಂಬು ಹಿಡಿದುಕೊಂಡ ಒಬ್ಬ ಗುಮಾಸ್ತ, ಕೊನೆಯಲ್ಲಿ ಬಹಳ ದಿನಗಳ ಮೇಲೆ ಉತ್ಸಾಹಗೊಂಡ ಕ್ಯಾಂಟೀನಿನವನು.

ಬೀದಿಯ ಬಾಯಲ್ಲಿ ನಕ್ಷೆ ಬಿಚ್ಚಿ ನೋಡಿದರೆ ವಾಲ್ವು ಇದ್ದದ್ದು ಡ್ರಿಲ್ ಮೇಷ್ಟ್ರ ಅಂಗಳದಲ್ಲಿ, ಅವರು ದಿನಾ ಕುಣಿಯುವ ಸಿಮೆಂಟಿನ ಕಟ್ಟೆಯ ಅಡಿಯಲ್ಲಿ.

"ಒಡೀಬೇಕು" ಎಂದ ನಕ್ಷೆಪ್ಪ.

"ನನ್ನ ಕಟ್ಟೆನಾ? ನನ್ನ ಹೆಣದ ಮೇಲೆ!" ಎಂದರು ಮೇಷ್ಟ್ರು. ಅಷ್ಟರಲ್ಲಿ ಓನರಮ್ಮನ ಕೂಗು ಕೇಳಿತು. ಮೇಷ್ಟ್ರು ಒಳಗಿಂದ ಸುತ್ತಿಗೆ ತಂದು ಮೊದಲ ಏಟನ್ನು ತಾವೇ ಹಾಕಿದರು. ಎರಡನೆಯದರಿಂದಾಚೆಗಿನದೆಲ್ಲ ನಕ್ಷೆಪ್ಪನದು. ಹೊಡೆದ, ಅಗೆದ, ಗುಂಡಿಗೆ ಧುಮುಕಿದ, ಎಂಜಿನಿಯರು ಕೊಟ್ಟ, ವಾಲ್ವು ತಿರುಗಿಸುವ ಉದ್ದನೆಯ ಕೀಲಿಗೆ ಭುಜ ಕೊಟ್ಟು ತಿರುಗಿಸಿದ. ತುಕ್ಕು ಹಿಡಿದ ವಾಲ್ವು ಕಿರ್ರೆಂದು ಮುಚ್ಚಿಕೊಂಡಿತು. ಬೀದಿಯ ಹೊಳೆ ನಿಂತಿತು. ಅಕ್ಕ ಓನರಮ್ಮನ ಕೈ ಬಿಟ್ಟು ಓಡಿಬಂದಳು. ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಸರಿಯಾಗಿ ನಕ್ಷೆಪ್ಪ ಗುಂಡಿಯಿಂದ ಮೇಲೆ ಬಂದು, ಒದ್ದೆ ಸಾಕ್ಸಿನಲ್ಲಿ ಜಾರಿ, ಕಟ್ಟೆಯ ಚೂರುಗಳ ಮೇಲೆ ಅಂಗಾತ ಬಿದ್ದ.

ಚಪ್ಪಾಳೆ ನಿಂತುಹೋಯಿತು.

"ಮುಟ್ಬೇಡಿ!" ಎಂದರು ಮೇಡಂ. "ಎಷ್ಟು ತುಂಡಾಗಿದೆಯೋ ಏನೋ."

"ಏನೂ ಆಗಿಲ್ಲ" ಎಂದ ನಕ್ಷೆಪ್ಪ ನೆಲದಿಂದ.

"ಪಾಪ, ಗೊತ್ತೂ ಆಗ್ತಿಲ್ಲ ಅವರಿಗೆ" ಎಂದು ಗುಮಾಸ್ತ ಬಿಕ್ಕಿ, ತಲೆಯ ಅಡಿಗೆ ದಿಂಬು ಇಟ್ಟ.

ಬಾಗಿಲೊಂದನ್ನು ಕಿತ್ತು ಅದರ ಮೇಲೆ ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದರು. ರಕ್ತ ತೆಗೆದುಕೊಂಡು, ಸರದಿ ಇಲ್ಲದೆಯೇ ಯಂತ್ರದೊಳಕ್ಕೆ ತೂರಿಸಿದರು. ಈ ಯಂತ್ರ ಮಲಗಿಸಿಕೊಂಡು ಸೊಂಟದಿಂದ ನೋಡುವಂಥದು. ಸಾಕ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಅವನನ್ನು ಎದುರಿಗೆ ಕೂರಿಸಿದರು.

"ಯಾರ್ರೀ ಹೇಳಿದ್ದು ಎಪ್ಪತ್ತರ ಮೂಳೆ ಅಂತ? ಕಬ್ಬಿಣ ಇದ್ದ ಹಾಗಿದೆ. ಏನು ಕೆಲಸ ನಿಮ್ದು?"

"ನಕ್ಷೆ ಡಬ್ಬಿ ಹೊತ್ಕೊಂಡು ಮೆಟ್ಟಿಲು ಹತ್ತಿಳಿಯೋದು. ಈಗ ಕೆಲವು ದಿನದಿಂದ ದಿಂಬಿನ ಮೇಲೆ ಕೂರೋದು."

"ಆ ಡಬ್ಬೀನೇ ನಿಮ್ಮನ್ನ ಉಳಿಸಿರೋದು. ದಿಂಬಿನ ಮೇಲೆ ಕೂತೇ ಇದ್ದಿದ್ರೆ ನಿಜವಾಗ್ಲೂ ಮೂಳೆ ಸವೀತಿತ್ತು. ನಿಮ್ಮ ವಯಸ್ಸಲ್ಲಿ ಅದಕ್ಕೆ ದುಡಿಮೆ ಬೇಕು. ಹೋಗಿ, ಏನೂ ಇಲ್ಲ."

ನಕ್ಷೆಪ್ಪ ಹೋಗಲಿಲ್ಲ.

"ಸ್ವಲ್ಪ ಹುಡುಕಿ ನೋಡಿ ಮೇಡಂ. ಎಲ್ಲಾದ್ರೂ ಒಂದು ಮೂಲೇಲಿ ಏನಾದ್ರೂ..."

"ಏನ್ರೀ ಇದು! ಎಲ್ರೂ ಬಂದು ಏನೂ ಇಲ್ಲ ಅಂತ ಹೇಳಿ ಅಂತ ಗೋಗರೀತಾರೆ."

"ಹೊರಗೆ ಎಷ್ಟು ಜನ ಕೂತಿದಾರೆ ನೋಡಿ ಮೇಡಂ."

ಡಾಕ್ಟರಮ್ಮ ಎದ್ದು ಬಾಗಿಲನ್ನು ಸಂದಿಯಷ್ಟು ತೆರೆದು ನೋಡಿದರು. ಬೆಂಚಿನ ತುಂಬ ಜನ. ಓನರಮ್ಮ ಒದ್ದೆ ಸೆರಗನ್ನು ಹಿಂಡುತ್ತಿದ್ದರು. ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟು ಊದದೆ ಕೂತಿದ್ದರು. ಅಕ್ಕ ಗೋಡೆಗೆ ಹಣೆ ಕೊಟ್ಟು ನಿಂತಿದ್ದಳು.

ಅವರು ಬಾಗಿಲು ಮುಚ್ಚಿ ಬಂದು ಕೂತರು. ರಕ್ತದ ವರದಿಯನ್ನು ಎಳೆದುಕೊಂಡು ಮತ್ತೊಮ್ಮೆ ಓದಿದರು.

"ರಕ್ತದಲ್ಲಿ ವಿಟಮಿನ್ ಡಿ, ಅಂದ್ರೆ ಬಿಸಿಲಿನ ಅಂಶ, ಸ್ವಲ್ಪ ಕಡಿಮೆ ಇದೆ" ಎಂದರು ಕೊನೆಗೆ. "ಕಿಟಕಿ ಇಲ್ಲದ ಕಡೆ ಕೆಲಸ ಮಾಡೋರಿಗೆಲ್ಲ ಇರುತ್ತೆ. ದಿನಾ ಒಂದಿಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿ, ನಡೀರಿ. ಹಾಲು, ಸೊಪ್ಪು ತಿನ್ನಿ. ನನ್ನ ಕೈಲಾಗೋದು ಇಷ್ಟೇ."

"ಅದಕ್ಕೆ ಯಾರಾದ್ರೂ ಜೊತೆಗಿರ್ಬೇಕು ಅಂತ ಸೇರಿಸೋಕಾಗುತ್ತಾ?"

"ಬಿಸಿಲಿಗೆ ಜೊತೆ ಬೇಕಾಗಿಲ್ಲ ಕಣಪ್ಪಾ" ಎಂದರು ಡಾಕ್ಟರಮ್ಮ, ಮೆಲ್ಲಗೆ.

ಹೊರಗೆ ಸುದ್ದಿ ಹೇಳಿದಾಗ ಸಂತೋಷಕ್ಕೆ ಮಿತಿಯಿರಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು. ಎಂಜಿನಿಯರು ಕೈ ಕುಲುಕಿದ. ಮೇಷ್ಟ್ರು, "ನಾನು ಹೇಳ್ಲಿಲ್ವಾ!" ಎಂದು ಆಸ್ಪತ್ರೆಯೊಳಗೇ ಸೀಟಿ ಊದಿ ಕಾವಲುಗಾರನಿಂದ ಬೈಸಿಕೊಂಡರು. ಮನಸ್ಸು ನಿರಾಳವಾದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು. ಗಡಿಯಾರ ನೋಡಿಕೊಂಡು, ಬೆನ್ನು ತಟ್ಟಿ, ಹೊರಟರು. ಈ ಸಲ ಬೆನ್ನು ತಟ್ಟುವಾಗ ಯಾರೂ ಜೋಪಾನ ಮಾಡಲಿಲ್ಲ, ಗಟ್ಟಿಯಾಗಿಯೇ ತಟ್ಟಿದರು.

ಮಾರನೆಯ ದಿನ ಬಡಗಿ ಬಂದು ಕಟಕಟೆ ಬಿಚ್ಚಿಕೊಂಡು ಹೋದ. ಯಾರದೋ ಮನೆಯಲ್ಲಿ ನಿಜವಾದ ಮುದುಕರೊಬ್ಬರು ಬಿದ್ದಿದ್ದರಂತೆ. ಓನರಮ್ಮ ಒದ್ದೆ ಹಾಸಿಗೆಗಳನ್ನು ತಾರಸಿಯ ಮೇಲೆ ಹರಡುವ ಗಡಿಬಿಡಿಯಲ್ಲಿ, "ಮೋಟರ್ ಸ್ವಿಚ್ ಆರಿಸಿದ್ರಾ?" ಎಂದರು. ಕಚೇರಿಯಲ್ಲಿ ನಕ್ಷೆಪ್ಪ ಮಧ್ಯಾಹ್ನ ಡಬ್ಬಿ ಹಿಡಿದು ಮೇಲೆ ಹೋಗಿ ನೋಡಿದ. ಕಿಟಕಿಯ ಪಕ್ಕ ಹೊಸ ಪ್ರಿಂಟರು ಕೂತಿತ್ತು. ಧೂಳು ತಾಗದಿರಲೆಂದು ಅದಕ್ಕೆ ಬಟ್ಟೆ ಹೊದಿಸಿದ್ದರು. ಮೇಡಂ ಫೋನಿನಲ್ಲಿದ್ದರು, ನಗುತ್ತ ಕೈಯೆತ್ತಿ, ಮತ್ತೆ ಮಾತಿಗೆ ತಿರುಗಿದರು. ಅವನು ಕೆಳಗಿಳಿದ. ಕ್ಯಾಂಟೀನಿನವನು ಮಾತ್ರ ಕೃತಜ್ಞತೆಯಿಂದ ಒಂದು ಲೋಟ ಚಹಾ ಕಳಿಸಿದ.

ಭಾವ ಫೋನು ಮಾಡಿದ್ದ. "ಮೂಳೆ ಸರಿ ಇದೆಯಂತಲ್ಲ. ಇನ್ನೇನು ಕೆಲಸ ಅಲ್ಲಿ?" ಅಕ್ಕ ಸೂಟ್‌ಕೇಸು ಕಟ್ಟಿದಳು.

ಬಸ್ ನಿಲ್ದಾಣಕ್ಕೆ ಸೂಟ್‌ಕೇಸನ್ನು ನಕ್ಷೆಪ್ಪನೇ ಹೊತ್ತ. ಬಸ್ಸು ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು.

"ಅಕ್ಕಾ, ಒಂದು ಮಾತು. ಆ ಶಿಬಿರದಲ್ಲಿ ನಾನು ಸಾಕ್ಸು ಹಾಕ್ಕೊಂಡೇ ಕಾಲಿಟ್ಟಿದ್ದೆ. ಮೂಳೆ ಸರಿ ಇದೆ ಅಂತ ಮೊದಲಿಂದ್ಲೂ ನನಗೆ ಗೊತ್ತಿತ್ತು."

ಅಕ್ಕ ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದಳು.

"ನನಗೂ ಗೊತ್ತಿತ್ತು ಕಣೋ."

"ಏನು ಗೊತ್ತಿತ್ತು?"

"ನಾನು ಬಂದ ಮಾರನೇ ದಿನ ತಾರಸಿ ಮೇಲಿಂದ ನಿನ್ನ ಟವಲು ಹಾರಿಹೋಯ್ತಲ್ಲ. ನೀನು ಗೋಡೆ ಹಾರಿ, ಮೇಷ್ಟ್ರ ಅಂಗಳಕ್ಕೆ ಧುಮುಕಿ, ತಗೊಂಡು ಮತ್ತೆ ಗೋಡೆ ಹತ್ತಿ ಬಂದೆ. ಎಪ್ಪತ್ತರ ಮೂಳೆಯೋರು ಹಾಗೆ ಮಾಡ್ತಾರೇನೋ, ಪೆದ್ದ?"

"ಮತ್ತೆ ಯಾಕೆ ಇದ್ದೆ?"

ಅಕ್ಕ ಸೂಟ್‌ಕೇಸಿನ ಹಿಡಿಯನ್ನು ಆಚೆ ಈಚೆ ಮಡಚುತ್ತಿದ್ದಳು.

"ಹುಷಾರಾಗಿರೋ ತಮ್ಮನ ಮನೆಗೆ ಹೋಗ್ತೀನಿ ಅಂದ್ರೆ ನನ್ನನ್ನ ಯಾರು ಬಿಡ್ತಾರೋ? ಯಾಕೆ, ಏನಾಗಿದೆ, ಎಷ್ಟು ದಿನ ಅಂತಾರೆ. ಮೂಳೆ ಅಂದೆ. ಯಾರೂ ಮಾತಾಡ್ಲಿಲ್ಲ." ಅವಳು ನಕ್ಕಳು. "ನಮ್ಮನೇಲೂ ಅಷ್ಟೇ ಕಣೋ. ಅಷ್ಟು ಜನ ಇದಾರೆ. ಅಂಗಿ ಎಲ್ಲಿ ಅಂತ ಬಿಟ್ರೆ ಬೇರೆ ಏನೂ ಕೇಳಲ್ಲ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು ತಲೆ ಹೊರಗೆ ಹಾಕಿದಳು. "ಮುಂದಿನ ವರ್ಷ ನಿಮ್ಮ ಸಾಹೇಬರು ಏನು ತಪಾಸಣೆ ಇಟ್ಟಿದಾರೋ?"

"ಹಲ್ಲು ಅಂತ ಕೇಳಿದೆ."

"ಅದರಲ್ಲೂ ಏನಾದ್ರೂ ಎಡವಟ್ಟು ಮಾಡ್ಕೋ" ಎಂದಳು. ಬಸ್ಸು ಹೊರಟಿತು.

ನಕ್ಷೆಪ್ಪ ಡಾಕ್ಟರಮ್ಮ ಹೇಳಿದಂತೆ ಬಿಸಿಲಿನಲ್ಲಿ ನಡೆದುಕೊಂಡೇ ಹೊರಟ. ಸಾಕಷ್ಟು ನಡೆದ. ಮನೆಗೆ ಹತ್ತಿರದ ದಾರಿಯಿತ್ತು. ಅದನ್ನು ಬಿಟ್ಟು ದೂರದ ದಾರಿ ಹಿಡಿದ. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಲ್ಲಿ ಕೂತು ಫೋನು ತೆಗೆದ.

"ಏನಾಯ್ತೋ?" ಎಂದಳು ಅಕ್ಕ. ಹಿಂದೆ ಬಸ್ಸಿನ ಸದ್ದು. "ಏನಾದ್ರೂ ಮರೆತುಬಂದ್ನಾ?"

"ಇಲ್ಲ."

"ಬಿದ್ಯಾ?"

"ಇಲ್ಲ. ಎಲ್ಲ ಸರಿ ಇದೆ."

"ಮತ್ತೆ ಯಾಕೆ ಮಾಡ್ದೆ?"

ನಕ್ಷೆಪ್ಪ ಯೋಚಿಸಿದ. ಕಾರಣವಾಗಿ ಹೇಳಬಹುದಾದ ಮೂಳೆಯಾಗಲಿ ಹಲ್ಲಾಗಲಿ ಮೈಯಲ್ಲೆಲ್ಲೂ ಸಿಗಲಿಲ್ಲ.

"ಸುಮ್ನೆ" ಎಂದ.

ಆಚೆ ಕಡೆ ಕಂಡಕ್ಟರು ಯಾರನ್ನೋ ಕೂಗುತ್ತಿದ್ದ. ಮಗುವೊಂದು ಅಳುತ್ತಿತ್ತು. ಅಕ್ಕ ಫೋನು ಇಡಲಿಲ್ಲ.